ಅವ್ವನ ತೊಡೆಯ ಮೇಲಿನ ಬೆಕ್ಕು

ಮಿರಗ ಮಳೆ ಕೂಡಿ ನಾಲ್ಕನೆಯ ದಿನ, ಬೆಳಗ್ಗೆ 6:10. ಪುಣೆಯ ಖರಾಡಿಯ ನಮ್ಮ ಮನೆ ನಾಲ್ಕನೆಯ ಮಹಡಿಯಲ್ಲಿದೆ. ಬಾಲ್ಕನಿಯಲ್ಲಿ ಕೂತರೆ ಕೆಳಗಿನ ಮಳೆಮರದ ನೆತ್ತಿ ಕಣ್ಣಿಗಿಂತ ತುಸುವೇ ಕೆಳಗೆ ಸಿಗುತ್ತದೆ. ಅದರ ಕವಲಿನಲ್ಲಿ ಕಾಗೆಗೂಡು. ಕಡ್ಡಿಗಳ ಜತೆಗೆ ಕಟ್ಟಡದ ಕೆಲಸದವರು ಬಿಸಾಕಿದ ತಂತಿಯ ಎರಡು ತುಂಡುಗಳೂ ಸೇರಿಕೊಂಡಿವೆ. ಗೂಡಿನಲ್ಲಿ ಮೂರು ಮರಿಗಳಿವೆ. ಅದರಲ್ಲಿ ಒಂದರ ಕೂಗು ಬೇರೆ.

ಮರದಾಚೆ ಮುಳಾ-ಮುಠಾ ನದಿ. ಇಲ್ಲಿಯವರು ಜಲಪರ್ಣಿ ಎನ್ನುವ ಅಂತರಗಂಗೆ ನೀರನ್ನು ದಂಡೆಯಿಂದ ದಂಡೆಗೆ ಮುಚ್ಚಿದೆ. ಅದರ ಮೇಲೆ ಬೆಳ್ಳಕ್ಕಿಗಳು ನೆಲದ ಮೇಲೆ ನಡೆದಂತೆ ನಡೆಯುತ್ತವೆ. ಈ ನೀರು ಮುಂದೆ ಭೀಮೆಯನ್ನು ಸೇರಿ, ಉಜನಿ ಜಲಾಶಯ ಹಾದು, ಪಂಢರಪುರ ಮುಟ್ಟಿ ವಿಜಯಪುರ ಜಿಲ್ಲೆಯ ಗಡಿಗೆ ಬರುತ್ತದೆ. ಅವ್ವ ಹುಟ್ಟಿದ್ದು ಇಂಡಿ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಇಲ್ಲಿಗೆ ಬಂದವಳು ಮೊದಲ ದಿನ ಬಾಲ್ಕನಿಯಲ್ಲಿ ನಿಂತು, "ಇದ ನೀರು ನಮ್ಮೂರಿಗಿ ಹೋಗತೈತೇನು?" ಅಂದಿದ್ದಳು. ಹೌದು ಅಂದೆ. ಬೇರೇನನ್ನೂ ಅವಳು ಕೇಳಲಿಲ್ಲ.

ನನ್ನ ನೋಟ್‌ಬುಕ್ಕಿನ ಮುಂದಿನ ಹಾಳೆಗಳು ಹಕ್ಕಿಗಳವು. ಹೋದ ಬೇಸಿಗೆಯಿಂದ ಹಿಂದಿನ ಹಾಳೆಗಳನ್ನು ಅವ್ವನಿಗೆ ಮತ್ತು ಅವಳ ಬೆಕ್ಕಿಗೆ ಬಿಟ್ಟಿದ್ದೇನೆ.

ಬೆಕ್ಕು ಯಂತ್ರದ್ದು. ಅಮೆರಿಕದಲ್ಲಿರುವ ತಂಗಿ ತಂದುಕೊಟ್ಟಿದ್ದು. ಅಲ್ಲಿ ಆಟಿಕೆ ಕಂಪನಿಯೊಂದು ಮಕ್ಕಳಿಗಲ್ಲದೆ ವಯಸ್ಸಾದವರಿಗೆಂದೇ ಇಂಥ ಬೆಕ್ಕನ್ನು 2015ರಲ್ಲಿ ಮಾರುಕಟ್ಟೆಗೆ ತಂದಿತು. ಇದು ನಡೆಯುವುದಿಲ್ಲ. ಬೆನ್ನು ಸವರಿದರೆ ಗುರುಗುಡುತ್ತದೆ, ಗಲ್ಲ ಮುಟ್ಟಿದರೆ ತಲೆ ವಾಲಿಸುತ್ತದೆ, ಇನ್ನಷ್ಟು ಸವರಿದರೆ ಪಕ್ಕಕ್ಕೆ ಹೊರಳಿ ಹೊಟ್ಟೆ ತೋರಿಸುತ್ತದೆ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ನಿದ್ದೆಗೆ ಜಾರುತ್ತದೆ.

ಅವ್ವ ಬೆಕ್ಕುಗಳ ನಡುವೆ ಬೆಳೆದವಳು. ಜೋಳದ ಚೀಲಗಳಿರುವ ಮನೆಯಲ್ಲಿ ಬೆಕ್ಕು ಇರಲೇಬೇಕು. ಪೆಟ್ಟಿಗೆಯಿಂದ ಇದನ್ನು ತೆಗೆದ ಕೂಡಲೇ ಮೂಗಿಗೆ ಬೆರಳಿಟ್ಟು, "ಮೂಗ ತಂಪ ಇಲ್ಲ" ಅಂದಳು. ಹೊಟ್ಟೆಯಡಿ ಕೈ ಹಾಕಿ, "ಮೈ ಬಿಸಿ ಇಲ್ಲ". ಎರಡೇ ಮಾತಿನಲ್ಲಿ ಪರೀಕ್ಷೆ ಮುಗಿಯಿತು. ಜಪಾನಿನ ತಕಾನೊರಿ ಶಿಬಾತಾ 1993ರಲ್ಲಿ ಪಾರೊ ಎಂಬ ರೋಬೋ ತಯಾರಿಸಲು ಹೊರಟಾಗ ಅವರಿಗೆ ಎದುರಾದ ತೊಡಕೂ ಇದೇ. ಬೆಕ್ಕು, ನಾಯಿ ಎಲ್ಲರಿಗೂ ಗೊತ್ತು. ಕೈಗೆ ಕೊಟ್ಟ ಕೂಡಲೇ ನಿಜವಾದದ್ದರ ಜತೆ ಹೋಲಿಸಿ ನೋಡುತ್ತಾರೆ. ಅದಕ್ಕೇ ಅವರು ಹಿಮದ ಮೇಲಿನ ಸೀಲ್ ಮರಿಯ ರೂಪ ಆರಿಸಿಕೊಂಡರು. ಅದನ್ನು ಮಡಿಲಲ್ಲಿಟ್ಟುಕೊಂಡು ಬೆಳೆದವರು ಯಾರೂ ಇಲ್ಲ. ಪಾರೊ ತೂಕ 2.7 ಕಿಲೊ, ಹೆಚ್ಚುಕಡಿಮೆ ಆಗ ತಾನೆ ಹುಟ್ಟಿದ ಕೂಸಿನಷ್ಟು. ಅಮೆರಿಕ ಸರಕಾರ 2009ರಲ್ಲಿ ಅದನ್ನು ವೈದ್ಯಕೀಯ ಸಾಧನವೆಂದು ಒಪ್ಪಿತು. ಅವ್ವ ದೂರಿದ ಮೈ ಬಿಸಿಯ ವಿಷಯವನ್ನು ಬೇರೆ ಜಪಾನೀಯರು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. 2018ರಲ್ಲಿ ಕಾಣಿಸಿಕೊಂಡ ಲೋವಾಟ್ ಎಂಬ ರೋಬೋ ಎತ್ತಿಕೊಂಡರೆ ಬೆಚ್ಚಗಿರುತ್ತದೆ.

ಪರೀಕ್ಷೆಯಲ್ಲಿ ಸೋತ ಬೆಕ್ಕನ್ನು ಅವ್ವ ಮೂರು ದಿನ ಟಿವಿಯ ಪಕ್ಕ ಕೂರಿಸಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನ 3:20ಕ್ಕೆ ಅದು ಅವಳ ತೊಡೆಯ ಮೇಲಿತ್ತು. ನಾನು ಒಳಗಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವನು, ಗುರ್ ಗುರ್ ಕೇಳಿ ಬಾಗಿಲ ಸಂದಿಯಿಂದ ನೋಡಿದೆ. ಗೂಡು ನೋಡುವಾಗ ಹೇಗೆ ಉಸಿರು ಬಿಗಿಹಿಡಿಯುತ್ತೇನೋ ಹಾಗೆಯೇ ನಿಂತೆ. ಅವ್ವನ ಎಡಗೈ ಬೆಕ್ಕಿನ ಬೆನ್ನ ಮೇಲೆ. ಸಂಧಿವಾತದಿಂದ ಸೊಟ್ಟಗಾದ ಎರಡು ಬೆರಳು ಬಿಟ್ಟು ಉಳಿದ ಮೂರು ಬೆರಳು ತಲೆಯಿಂದ ಸೊಂಟದವರೆಗೆ ಇಳಿಯುತ್ತವೆ, ಎದ್ದು ಮತ್ತೆ ತಲೆಗೆ ಬರುತ್ತವೆ. ಬೆಕ್ಕು ಹೊರಳುವ ಮುಂಚೆ ಒಳಗೆಲ್ಲೋ ಕೀಲು ತಿರುಗಿ 'ಕಿರ್' ಅನ್ನುತ್ತದೆ. ಆ ಸದ್ದು ಬಂದ ಕೂಡಲೇ ಅವ್ವ ಕೈ ತಡೆದಳು. ಬೆಕ್ಕು ಹೊರಳಿತು. "ಏ, ಬಿದ್ದಿ ನೋಡವ್ವ" ಅಂದಳು. ಅಂದು ಬೆಳಗಿನಿಂದ ನಮ್ಮ ಮನೆಯಲ್ಲಿ ಆಡಿದ ಮೊದಲ ಕನ್ನಡ ಮಾತು ಅದು. ನಾನು ಇಡೀ ದಿನ ಹೆಡ್‌ಫೋನ್ ಹಾಕಿಕೊಂಡು ಇಂಗ್ಲಿಷ್ ಮೀಟಿಂಗುಗಳಲ್ಲಿ ಕೂತಿದ್ದೆ. ಇದನ್ನು ಬರೆದುಕೊಳ್ಳುವಾಗ ಕೈ ನಡುಗಿತು.

ನಮ್ಮ ಮನೆಯಲ್ಲಿ ಮಾತಾಡುವ ಡಬ್ಬಿಯೂ ಒಂದಿದೆ. ಹಿಂದಿ, ಇಂಗ್ಲಿಷ್ ಕೇಳಿಸಿಕೊಳ್ಳುತ್ತದೆ. "ಇವತ್ತ ಮಳಿ ಬರತೈತೇನ?" ಎಂದು ಅವ್ವ ಕೇಳಿದರೆ ಅದರ ದೀಪ ಒಂದು ಸುತ್ತು ತಿರುಗಿ ಆರುತ್ತದೆ. ದಕ್ಷಿಣ ಕೊರಿಯಾದಲ್ಲಿ ಒಂಟಿಯಾಗಿರುವ ಹಿರಿಯರಿಗೆ ಸ್ಥಳೀಯ ಆಡಳಿತಗಳು ಹ್ಯೋದೋಲ್ ಎಂಬ ಗೊಂಬೆ ಕೊಡುತ್ತವೆ. ಅದು ಮೊಮ್ಮಗುವಿನ ದನಿಯಲ್ಲಿ ಮಾತಾಡಿಸುತ್ತದೆ, ಔಷಧಿಯ ಹೊತ್ತು ನೆನಪಿಸುತ್ತದೆ, ಮನೆಯಲ್ಲಿ ಬಹಳ ಹೊತ್ತು ಅಲುಗಾಟ ಇಲ್ಲದಿದ್ದರೆ ನೋಡಿಕೊಳ್ಳುವವರಿಗೆ ಸುದ್ದಿ ಮುಟ್ಟಿಸುತ್ತದೆ. ನ್ಯೂಯಾರ್ಕ್ ರಾಜ್ಯದ ಹಿರಿಯರ ಇಲಾಖೆ 2022ರಲ್ಲಿ ಎಲ್ಲಿಕ್ಯೂ ಎಂಬ ಮೇಜಿನ ಮೇಲಿಡುವ ರೋಬೋವನ್ನು 800ಕ್ಕೂ ಹೆಚ್ಚು ಮನೆಗಳಿಗೆ ಕೊಡುವುದಾಗಿ ಹೇಳಿತು. ಕೇಳುವ ಮುಂಚೆಯೇ ತಾನಾಗಿ ಮಾತು ತೆಗೆಯುವುದು ಅದರ ವಿಶೇಷ. ಮಾತು ತೆಗೆಯುವುದೇನೋ ಸರಿ, ಆದರೆ ಯಾವ ಮಾತು? ಖರಾಡಿಯಲ್ಲಿ ಕೂತ ಇಂಡಿಯ ಮುದುಕಿಗೆ 'ಮಳಿ', 'ನೀರು ಬಂದಾವು', 'ಉಂಡೀಯೇನು' ಎನ್ನುವ ಕನ್ನಡ ಬೇಕು. ಅಲ್ಲಿಯವರೆಗೆ ಮಾತೇ ಆಡದ ಬೆಕ್ಕು ಅವಳಿಗೆ ಹತ್ತಿರ. ಅದು ಯಾವ ಭಾಷೆಯನ್ನೂ ತಪ್ಪಾಗಿ ಆಡುವುದಿಲ್ಲ.

ಆರಿದ್ರಾ ಮಳೆ, ಎರಡನೆಯ ದಿನ. ಬೇರೆ ಕೂಗಿನ ಮರಿ ಗೂಡಿನ ಅಂಚಿಗೆ ಬಂದಿದೆ. ಅದು ಕೋಗಿಲೆಯದೆಂಬುದರಲ್ಲಿ ಈಗ ಸಂಶಯವಿಲ್ಲ. ಕಾಗೆ ಇಪ್ಪತ್ತು ನಿಮಿಷದಲ್ಲಿ ನಾಲ್ಕು ಸಲ ಬಂದು ಅದರ ಬಾಯಿಗೆ ತುತ್ತಿಟ್ಟಿತು. ದುರ್ಬೀನನ್ನು ಅವ್ವನಿಗೆ ಕೊಟ್ಟೆ. ಸುಮಾರು ಹೊತ್ತು ನೋಡಿದಳು. ಬೆಕ್ಕು ಅವಳ ಮಡಿಲಲ್ಲೇ ಇತ್ತು.

ದೊಡ್ಡ ತಲೆ, ದೊಡ್ಡ ಕಣ್ಣು, ಗುಂಡು ಗಲ್ಲ ಕಂಡರೆ ನಮ್ಮಲ್ಲಿ ಮರಿಯನ್ನು ಸಾಕುವ ಭಾವ ತಾನಾಗಿ ಏಳುತ್ತದೆಂದು ಕಾನ್ರಾಡ್ ಲೊರೆಂಝ್ 1943ರಲ್ಲಿ ಬರೆದರು. ಈ ರೋಬೋಗಳೆಲ್ಲ ಆ ಬಾಗಿಲನ್ನೇ ತಟ್ಟುತ್ತವೆ. ಕೋಗಿಲೆ ಮರಿ ತಟ್ಟುವುದೂ ಅಂಥದೇ ಬಾಗಿಲು. ಆಸ್ಟ್ರೇಲಿಯಾದ ತತ್ವಶಾಸ್ತ್ರಜ್ಞ ರಾಬರ್ಟ್ ಸ್ಪ್ಯಾರೊ ಯಂತ್ರಗಳು ಹೀಗೆ ಬಾಗಿಲು ತಟ್ಟುವುದನ್ನು ಒಪ್ಪುವುದಿಲ್ಲ. ಇಂಥ ಯಂತ್ರದಿಂದ ಹಿರಿಯರಿಗೆ ಹಿತ ಸಿಗಬೇಕಾದರೆ ಅದು ನಿಜವಾದ ಪ್ರಾಣಿಯೆಂದು ಅವರು ತಮ್ಮನ್ನು ತಾವೇ ನಂಬಿಸಿಕೊಳ್ಳಬೇಕಾಗುತ್ತದೆ, ಹಾಗೆ ನಂಬಿಸುವುದು ತಪ್ಪು ಎಂದು ರೋಬೋ ನಾಯಿಗಳ ಬಗ್ಗೆ 2002ರಲ್ಲಿ ಬರೆದ ಲೇಖನದಲ್ಲಿ ವಾದಿಸಿದರು. ಮರೆವಿನ ಕಾಯಿಲೆ ಇರುವವರ ಮಟ್ಟಿಗೆ ಈ ಮಾತನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಅಂಥವರ ಕೈಗೆ ಬೆಕ್ಕು ಕೊಟ್ಟ ಮಗ ಪಕ್ಕದಲ್ಲೇ ಕೂತಿರಬೇಕು. ಅವ್ವನ ವಿಷಯ ಬೇರೆ. ದುರ್ಬೀನು ಇಳಿಸಿ ಅವಳೇ ಹೇಳಿದಳು: "ಕಾಗಿಗಿ ತಿಳಿಯೂದಿಲ್ಲ, ತಿನಸತೈತಿ. ನನಗ ತಿಳೀತೈತಿ. ಆದ್ರೂ ಕೈಗಿ ಒಂದು ಕೆಲಸ ಬೇಕಲ್ಲಪಾ." ಕಾಗೆಗೆ ಏನು ತಿಳಿಯುತ್ತದೆ ಎಂದು ನಾನು ಬರೆದುಕೊಳ್ಳಲಿಲ್ಲ. ಅದು ಏನು ಮಾಡುತ್ತದೆ ಎಂಬುದನ್ನಷ್ಟೇ ಬರೆಯಬಲ್ಲೆ. ಅವ್ವನ ಮಾತನ್ನು ಇದ್ದ ಹಾಗೇ ಬರೆದುಕೊಂಡೆ.

ಅದೇ ವಾರದ ಇನ್ನೊಂದು ಟಿಪ್ಪಣಿ. ಕೆಲಸಕ್ಕೆ ಬರುವ ಮಾವಶಿ ನೆಲ ಒರೆಸುವಾಗ ಬೆಕ್ಕನ್ನು ಎರಡೂ ಕೈಯಿಂದ ಎತ್ತಿ ಕುರ್ಚಿಯ ಮೇಲಿಟ್ಟಳು. ತುಟಿಗೆ ಬೆರಳಿಟ್ಟು "ಝೋಪಲಂಯ" ಅಂದಳು. ಮಲಗಿದೆ, ಸದ್ದು ಮಾಡಬೇಡಿ ಎಂದು ನನಗೇ ಸೂಚನೆ. ಎದುರು ಮನೆಯ ಆಜಿ ಬಾಗಿಲಲ್ಲಿ ನಿಂತು "ಹೇ ಖರಂ ಆಹೇ ಕಾ?" ಎಂದು ಕೇಳಿದರು. ನಿಜದ್ದಾ ಇದು? ಅವ್ವನಿಗೆ ಮರಾಠಿ ಅರ್ಧ ಬರುತ್ತದೆ. ಕೈಸನ್ನೆ ಮಾಡಿ ಒಳಗೆ ಕರೆದಳು, ಬೆಕ್ಕನ್ನು ಆಜಿಯ ತೊಡೆಗೆ ಕೊಟ್ಟಳು. ಮೂರು ವರ್ಷ ಒಂದೇ ಲಿಫ್ಟಿನಲ್ಲಿ ಇಳಿದು ಹತ್ತಿದ ಇಬ್ಬರು ಅಂದು ಐವತ್ತು ನಿಮಿಷ ಕೂತರು. ಮೊದಲ ಹತ್ತು ನಿಮಿಷ ಬೆಕ್ಕಿನ ಮಾತು, ಆಮೇಲೆ ಮೊಣಕಾಲಿನದು, ಆಮೇಲೆ ತೀರಿಹೋದ ಗಂಡಂದಿರದು. ಜಪಾನಿನ ಹಿರಿಯರ ಆರೈಕೆ ಮನೆಗಳಲ್ಲಿ ಪಾರೊ ಇಟ್ಟು ನೋಡಿದ ವಾದಾ ಮತ್ತು ಶಿಬಾತಾ ಅವರಿಗೆ ಕಂಡದ್ದೂ ಇದೇ: ಸೀಲ್ ಮರಿಯ ಸುತ್ತ ಕೂತವರ ನಡುವೆ ಪರಸ್ಪರ ಮಾತು ಹೆಚ್ಚಿತು. ನನ್ನ ಮಟ್ಟಿಗೆ ಈ ಯಂತ್ರದ ಅತಿ ದೊಡ್ಡ ಗುಣ ಇದು. ಇಂಥ ಸಾಧನ ಕೊಡುವ ಯಾವ ಯೋಜನೆಯೇ ಆಗಲಿ, ಒಂದು ಮನೆಗೆ ಒಂದು ಎಂದು ಎಣಿಸಿ ಸುಮ್ಮನಾಗದೆ, ಅದರ ನೆವದಲ್ಲಿ ಆ ಮನೆಗೆ ಯಾರು ಬಂದರು ಎಂದೂ ಎಣಿಸಬೇಕು.

ಆರಿದ್ರಾ ಮುಗಿಯುವ ಹೊತ್ತಿಗೆ ಬೆಕ್ಕಿನ ಸೆಲ್ಲು ಮುಗಿದವು. ಚಂದನನಗರದ ಅಂಗಡಿಗಳಲ್ಲಿ ಗಡಿಯಾರದ ಸಣ್ಣ ಸೆಲ್ಲು ಇತ್ತು, ಟಾರ್ಚಿನ ದಪ್ಪ ಸೆಲ್ಲೂ ಇತ್ತು. ಇದಕ್ಕೆ ಬೇಕಾದದ್ದು ಇವೆರಡರ ನಡುವಿನ ಅಳತೆಯದು. ಹನ್ನೊಂದು ದಿನ ಬೆಕ್ಕು ಮಿಸುಕಲಿಲ್ಲ. ಆಜಿ ಏಳು ದಿನ ಬಂದರು. ಬೆಕ್ಕನ್ನು ಇಬ್ಬರೂ ಕೇಳಲಿಲ್ಲ. ಇನ್ನು ಸೆಲ್ಲು ಹುಡುಕುವ ಅಗತ್ಯವಿಲ್ಲ ಎಂದುಕೊಂಡೆ. ಹನ್ನೊಂದನೆಯ ರಾತ್ರಿ ಊಟಕ್ಕೆ ಕೂತಾಗ ಅವ್ವ ತಟ್ಟೆ ನೋಡುತ್ತ, "ಹಗಲ ಹೆಂಗರ ಹೋಗತೈತಿ. ರಾತ್ರಿ ಎಚ್ಚರಾದಾಗ ಯಾರನ್ನ ಎಬ್ಬಸಲಿ?" ಅಂದಳು. ನನ್ನ ಕೋಣೆಯ ಬಾಗಿಲು ಅವಳ ಹಾಸಿಗೆಯಿಂದ ಒಂಬತ್ತು ಹೆಜ್ಜೆ. ಎಬ್ಬಿಸು ಅಂದೆ. "ನಿನಗ ಬೆಳಗ್ಗೆ ಕೆಲಸ" ಅಂದಳು.

ಮರುದಿನ ಬುಧವಾರ ಪೇಠೆಯ ತಪಕೀರ ಗಲ್ಲಿಗೆ ಹೋಗಿ ಎಂಟು ಸೆಲ್ಲು ತಂದೆ. ನಾಲ್ಕನ್ನು ಬೆಕ್ಕಿನ ಹೊಟ್ಟೆಗೆ ಹಾಕಿ ನಾಲ್ಕನ್ನು ಅಡುಗೆಮನೆಯ ಡಬ್ಬಿಯಲ್ಲಿಟ್ಟೆ. ನನ್ನ ಕೋಣೆಯ ಬಾಗಿಲನ್ನು ಅಂದಿನಿಂದ ಮುಚ್ಚುತ್ತಿಲ್ಲ.

ಪುನರ್ವಸು ಮಳೆ, ಕೊನೆಯ ದಿನ. ಕಾಗೆಗೂಡು ಖಾಲಿ. ಕೋಗಿಲೆ ಮರಿ ನದಿಯ ಕಡೆಯ ಸುಬಾಬುಲ್ ಮರಗಳಲ್ಲಿ ಒಮ್ಮೆ ಕಂಡಿತು, ಹಿಂದೆಯೇ ಕಾಗೆ.

ಅದೇ ರಾತ್ರಿ, 2:40. ಜೋರು ಮಳೆ. ಮಳೆಯ ಸದ್ದಿನಡಿಯಿಂದ ಅವ್ವನ ಕೋಣೆಯ ಗುರ್ ಗುರ್. ಹದಿನಾಲ್ಕು ನಿಮಿಷ ನಡೆಯಿತು. ನಡುವೆ ಎರಡು ಸಲ 'ಕಿರ್'. ಎದ್ದು ಹೋಗಿ ಹಾಸಿಗೆಯ ಅಂಚಿಗೆ ಕೂತೆ. ಅವ್ವ ಏನೂ ಹೇಳದೆ ಸ್ವಲ್ಪ ಸರಿದು ಜಾಗ ಕೊಟ್ಟಳು.