ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ನಿಧಿ ಸಂಗ್ರಹ: ಏಕೆ, ಹೇಗೆ?



ಕಾಯಿಲೆ ಬಿದ್ದ ಮಗುವಿನ ಆಸ್ಪತ್ರೆ ಖರ್ಚಿಗೆ ಹಣ ಕೇಳಿದರೆ ನಮ್ಮವರು ಹಿಂದೆಮುಂದೆ ನೋಡುವುದಿಲ್ಲ. ಅದೇ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆಂದು ಕೇಳಿದರೆ, ‘ಅದು ಸರಕಾರದ ಕೆಲಸವಲ್ಲವೇ?’ ಎನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

1947ರವರೆಗೂ ರಕ್ತ ಕ್ಯಾನ್ಸರ್ ಬಂದ ಮಗು ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ತೀರಿಹೋಗುತ್ತಿತ್ತು. ಆ ವರ್ಷದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ನಗರದ ಡಾ. ಸಿಡ್ನಿ ಫಾರ್ಬರ್ ಅಮಿನಾಪ್ಟರಿನ್ ಎಂಬ ಔಷಧವನ್ನು ಕೊಟ್ಟು ನೋಡಿದರು. ಅದನ್ನು ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು. ರೋಗ ಮತ್ತೆ ಮರಳಿತು, ಆದರೆ ದಾರಿಯೊಂದಿದೆ ಎಂಬುದು ಗೊತ್ತಾಯಿತು.

ಮರುವರ್ಷ, 1948ರ ಮೇ ತಿಂಗಳಲ್ಲಿ, ಫಾರ್ಬರ್ ಅವರ ಬಳಿ ಚಿಕಿತ್ಸೆಯಲ್ಲಿದ್ದ 12 ವರ್ಷದ ಹುಡುಗನೊಬ್ಬನ ಮಾತು ರೇಡಿಯೋದಲ್ಲಿ ಬಂತು. ಹೆಸರು ಮುಚ್ಚಿಟ್ಟು ಅವನನ್ನು ‘ಜಿಮ್ಮಿ’ ಎಂದು ಕರೆದಿದ್ದರು. ಕೇಳಿದ ಸಾಮಾನ್ಯ ಜನ ಕಳುಹಿಸಿದ ಹಣ 2,31,485 ಡಾಲರ್. ಆ ನಿಧಿ ಇಂದಿಗೂ ನಡೆಯುತ್ತಿದೆ. ಆ ಹುಡುಗ ಗುಣವಾಗಿ 65 ವರ್ಷ ಬದುಕಿದ.

2000ದಲ್ಲಿ ಅಮೆರಿಕದ ಅಲೆಕ್ಸ್ ಸ್ಕಾಟ್ ಎಂಬ ನಾಲ್ಕು ವರ್ಷದ ಕ್ಯಾನ್ಸರ್ ಪೀಡಿತ ಬಾಲಕಿ ಮನೆ ಮುಂದೆ ನಿಂಬೆ ಪಾನಕ ಮಾರಿ ಸುಮಾರು 2,000 ಡಾಲರ್ ಕೂಡಿಸಿದಳು. 2004ರಲ್ಲಿ ಅವಳು ತೀರಿಕೊಳ್ಳುವ ಹೊತ್ತಿಗೆ ಆ ನಿಧಿ 10 ಲಕ್ಷ ಡಾಲರ್ ತಲುಪಿತ್ತು.

ಜನರ ಹಣವೇ ಏಕೆ ಬೇಕು? ದೊಡ್ಡವರ ಕ್ಯಾನ್ಸರಿಗೆ ಹೋಲಿಸಿದರೆ ಮಕ್ಕಳ ಕ್ಯಾನ್ಸರ್ ವಿರಳ. ಆದ್ದರಿಂದ ಔಷಧ ಕಂಪನಿಗಳಿಗೆ ಅದರಲ್ಲಿ ಲಾಭ ಕಡಿಮೆ. ಯಾವ ಔಷಧವನ್ನು ಯಾವುದರ ಜೊತೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ಕೊಡಬೇಕೆಂದು ತಿಳಿಯಲು ವರ್ಷಗಟ್ಟಲೆ ಅಧ್ಯಯನ ಬೇಕು. ಹೀಗೆ ಕಲಿತದ್ದರಿಂದಲೇ ಇಂದು ಶ್ರೀಮಂತ ದೇಶಗಳಲ್ಲಿ 100ರಲ್ಲಿ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಅನೇಕ ಬಡ ದೇಶಗಳಲ್ಲಿ 30 ಮಕ್ಕಳೂ ಉಳಿಯುವುದಿಲ್ಲ. ರೋಗ ತಡವಾಗಿ ಗೊತ್ತಾಗುವುದು ಮತ್ತು ಹಣವಿಲ್ಲದೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಇದಕ್ಕೆ ಮುಖ್ಯ ಕಾರಣಗಳು. ಹಾಗಾಗಿ ಚಿಕಿತ್ಸೆಯ ನೆರವೂ ಬೇಕು, ಸಂಶೋಧನೆಯೂ ಬೇಕು. ಒಂದು ಇಂದಿನ ಮಗುವಿಗೆ, ಇನ್ನೊಂದು ನಾಳೆಯ ಮಗುವಿಗೆ.

ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ನಾವೂ ಒಮ್ಮೆ ಒಬ್ಬ ವಿದ್ಯಾರ್ಥಿಯ ಚಿಕಿತ್ಸೆಗೆಂದು ಡಬ್ಬಿ ಹಿಡಿದು ಹೊರಟಿದ್ದೆವು. ಕೊಟ್ಟವರ ಹೆಸರು ಬರೆದುಕೊಳ್ಳಲಿಲ್ಲ. ಪೋಷಕರೊಬ್ಬರು ಲೆಕ್ಕ ಕೇಳಿದಾಗ ತೋರಿಸಲು ನಮ್ಮಲ್ಲಿ ಒಂದು ಚೀಟಿಯೂ ಇರಲಿಲ್ಲ. ಹಣವೆಲ್ಲ ಮಗುವಿಗೇ ತಲುಪಿತ್ತು, ಆದರೂ ತಲೆ ತಗ್ಗಿಸಬೇಕಾಯಿತು.

ಆದ್ದರಿಂದ ಸ್ವಯಂಸೇವೆಗೆ ಮುಂದೆ ಬರುವ ವಿದ್ಯಾರ್ಥಿಗಳು ಇಷ್ಟನ್ನು ಪಾಲಿಸಬೇಕು:

1. ಹಣ ಯಾವ ಸಂಸ್ಥೆಗೆ, ಚಿಕಿತ್ಸೆಗೋ ಸಂಶೋಧನೆಗೋ ಎಂಬುದನ್ನು ಮೊದಲೇ ತಿಳಿಸಿ.
2. ಹತ್ತು ರೂಪಾಯಿಗೂ ರಸೀದಿ ಕೊಡಿ. ಡಬ್ಬಿಯನ್ನು ಇಬ್ಬರ ಎದುರಿಗೇ ತೆರೆಯಿರಿ.
3. ಝಕಾತ್‌ಗೆ ಅದರದೇ ಹಕ್ಕುದಾರರಿದ್ದಾರೆ. ಅದನ್ನು ಈ ಹಣದೊಂದಿಗೆ ಬೆರೆಸಬೇಡಿ.
4. ತಂದೆತಾಯಿಯ ಒಪ್ಪಿಗೆಯಿಲ್ಲದೆ ರೋಗಿ ಮಗುವಿನ ಫೋಟೋ, ಹೆಸರು ಬಳಸಬೇಡಿ.
5. ಹಣ ಸೇರಿಸಿದ ಮೇಲೆ ಅದರ ಲೆಕ್ಕವನ್ನು ಕೊಟ್ಟವರಿಗೆ ತಲುಪಿಸಿ.

ಸೆಪ್ಟೆಂಬರ್ ಮಕ್ಕಳ ಕ್ಯಾನ್ಸರ್ ಜಾಗೃತಿಯ ತಿಂಗಳು. ಆರಂಭಿಸಲು ಅದು ಒಳ್ಳೆಯ ಸಮಯ.