ಹಿತ್ತಲಿನ ಲೆಕ್ಕಾಚಾರ

“ರಾಯಕೋಟೆ ಟೊಮೆಟೊ ಇಷ್ಟು ಹತ್ತಿರ ಸಿಗುವಾಗ ನಿನಗ್ಯಾಕಮ್ಮ ಈ ಹಿತ್ತಲ ಉಸಾಬರಿ?” ಎಂದು ಪಕ್ಕದ ಮನೆಯ ಅಕ್ಕ ನಗುತ್ತಿದ್ದರು. 2023ರ ಜುಲೈನಲ್ಲಿ ಕಿಲೋ ಟೊಮೆಟೊ 100 ರೂಪಾಯಿ ದಾಟಿದಾಗ ನಮ್ಮ ಟೊಮೆಟೊಗೆ ಅವರೇ ಬಟ್ಟಲು ಹಿಡಿದು ಬಂದರು.

ಹೊಸೂರಿನ ನಮ್ಮ ಹಿತ್ತಲು 10 ಅಡಿಗೆ 12 ಅಡಿ. ಈರುಳ್ಳಿ, ಆಲೂಗಡ್ಡೆಯ ಗೋಜಿಗೆ ನಾನು ಹೋಗಿಲ್ಲ. ಅವು ಜಾಗ ತಿನ್ನುತ್ತವೆ, ಉಳವರ್ ಸಂದೈ ಎಂಬ ರೈತರ ಸಂತೆಯಲ್ಲಿ ಅವರ ಕೈಯಿಂದಲೇ ಸಿಗುತ್ತವೆ. ಚೂರೇ ಚೂರು ಬೇಕಾದರೂ ಇಡೀ ಕಟ್ಟು ಕೊಂಡು, ಅರ್ಧ ಕೊಳೆಸಿ ಎಸೆಯುತ್ತೇವಲ್ಲ, ಟೊಮೆಟೊ ಬಿಟ್ಟರೆ ಅಂಥವನ್ನೇ ಹಾಕಿದ್ದೇನೆ: ಕೊತ್ತಂಬರಿ, ಮೆಂತ್ಯ, ದಂಟು, ಕರಿಬೇವು, ಹಸಿಮೆಣಸು. ಉಳಿತಾಯ ಇರುವುದು ಅಲ್ಲೇ.

ಕೊತ್ತಂಬರಿ ಕಾಳನ್ನು ಹಾಗೇ ಬಿತ್ತಬಾರದು. ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಬೇಕು. ಒಂದು ಕಾಳಿನೊಳಗೆ ಎರಡು ಬೀಜ. ಮೆಂತ್ಯ ಒಂದು ತಿಂಗಳಿಗೆ ಕೈಗೆ ಬರುತ್ತದೆ. ದಂಟನ್ನು ಬೇರುಸಹಿತ ಕೀಳದೆ ಕುಡಿ ಚಿವುಟಿದರೆ ಮತ್ತೆ ಚಿಗುರುತ್ತದೆ. ಮೊದಲ ವರ್ಷ ಹಸಿ ಸಗಣಿ ಸುರಿದು ಮೆಣಸಿನ ಸಸಿಗಳನ್ನೆಲ್ಲ ಸುಟ್ಟುಕೊಂಡೆ. ಈಗ ಚೆನ್ನಾಗಿ ಕಳಿತ ಗೊಬ್ಬರವೇ. ಬೇಸಿಗೆಯಲ್ಲಿ ಬುಡಕ್ಕೆ ರಾಗಿಹುಲ್ಲು ಹೊದಿಸಿದರೆ ತೇವ ಬೇಗ ಆರುವುದಿಲ್ಲ, ನೀರೂ ಉಳಿಯುತ್ತದೆ.

ಬೇಲಿಯ ಮೇಲೆ ಅವರೆ ಬಳ್ಳಿ ಹಬ್ಬಿದೆ. ಚಳಿಗೆ ಸೊಗಡು ಏರಿದಾಗ ಹಿತಕಿದ ಬೇಳೆ ಸಾರು, ರಾಗಿಮುದ್ದೆ. ಅದಕ್ಕೆ ಬೆಲೆ ಕಟ್ಟುವ ತಕ್ಕಡಿ ನನ್ನ ಹತ್ತಿರ ಇಲ್ಲ.