ಗಡಿ ದಾಟಿ ಬರುವ ಡಿಕ್ರಿ

ಕಾಪು ತಾಲೂಕಿನ ಎರ್ಮಾಳಿನಂತಹ ಕಡಲತೀರದ ಊರುಗಳಿಂದ ದುಬೈ, ಅಬುಧಾಬಿ, ಶಾರ್ಜಾಗಳಿಗೆ ದುಡಿಯಲು ಹೋದವರು ಅಲ್ಲಿ ಸಾಲ ಪಡೆಯುವುದೂ ವ್ಯಾಪಾರ ಹೂಡುವುದೂ ಊರಿನಲ್ಲಿ ಮನೆ, ಜಮೀನು ಮಾಡುವುದೂ ಉಂಟಾದ್ದರಿಂದ, ಅಲ್ಲಿನ ತೀರ್ಪು ಇಲ್ಲಿನ ಆಸ್ತಿಯ ಮೇಲೆ ಜಾರಿಯಾದೀತೇ ಎಂಬುದು ಕರಾವಳಿಯ ಕುಟುಂಬಗಳು ಅರಿತಿರಲೇಬೇಕಾದ ಸಂಗತಿಯಾಗಿದೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಂತೆ, ಪರಸ್ಪರ ಮಾನ್ಯತೆಯ ಪ್ರದೇಶವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ದೇಶದ ನಿರ್ದಿಷ್ಟ ನ್ಯಾಯಾಲಯಗಳು ನೀಡಿದ ಹಣ ಪಾವತಿಯ ಡಿಕ್ರಿಯನ್ನು, ತೆರಿಗೆ ಮತ್ತು ದಂಡದ ಬಾಬತ್ತುಗಳನ್ನು ಹೊರತುಪಡಿಸಿ, ಇಲ್ಲಿನ ಜಿಲ್ಲಾ ನ್ಯಾಯಾಲಯವು ತನ್ನದೇ ಡಿಕ್ರಿಯಂತೆ ಅಮಲ್ಜಾರಿ ಮಾಡಬಹುದು. ಸಂಯುಕ್ತ ಅರಬ್ ಸಂಸ್ಥಾನವು 2020ರ ಜನವರಿ 17ರ ಅಧಿಸೂಚನೆಯಿಂದ ಈ ಪಟ್ಟಿಗೆ ಸೇರಿದ ಮೇಲೆ, ದುಬೈಯ ಡಿಕ್ರಿದಾರನು ಹೊಸ ದಾವೆ ಹೂಡದೆಯೇ, ದೃಢೀಕೃತ ಪ್ರತಿಯೊಂದಿಗೆ ನೇರವಾಗಿ ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಬರಬಹುದಾಗಿದೆ. ಪಟ್ಟಿಯಲ್ಲಿಲ್ಲದ ಅಮೆರಿಕದ ತೀರ್ಪಾದರೆ, ಅದನ್ನೇ ಆಧಾರವಾಗಿಟ್ಟು 3 ವರ್ಷಗಳೊಳಗೆ ಇಲ್ಲಿ ಹೊಸ ದಾವೆ ಹೂಡಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಾದರೋ 2015ರ ಜನವರಿ 10ರಿಂದ ಜಾರಿಗೆ ಬಂದ ನಿಯಮಾವಳಿಯು, ಒಂದು ಸದಸ್ಯ ರಾಷ್ಟ್ರದ ಸಿವಿಲ್ ತೀರ್ಪಿಗೆ ಮತ್ತೊಂದರಲ್ಲಿ ಪೂರ್ವಾನುಮತಿ ಪಡೆಯುವ ಕ್ರಮವನ್ನೇ ತೆಗೆದುಹಾಕಿದೆ.

ಭಾರತದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೆಯ ಕಲಮಿನ ರಕ್ಷಣೆ ಉಳಿದಿದೆ: ಅಧಿಕಾರವ್ಯಾಪ್ತಿಯಿಲ್ಲದ ನ್ಯಾಯಾಲಯ ನೀಡಿದ, ವಿವಾದದ ಸತ್ತ್ವವನ್ನು ಪರಿಶೀಲಿಸದ, ಸಹಜ ನ್ಯಾಯಕ್ಕೆ ವಿರುದ್ಧವಾದ ಅಥವಾ ವಂಚನೆಯಿಂದ ಪಡೆದ ತೀರ್ಪು ಇಲ್ಲಿ ನಿಲ್ಲುವುದಿಲ್ಲ. ಪ್ರತಿವಾದಿ ಹಾಜರಾಗದಿದ್ದರೂ ಸಾಕ್ಷ್ಯವನ್ನು ತೂಗಿ ನೀಡಿದ ಏಕಪಕ್ಷೀಯ ತೀರ್ಪು ಸಿಂಧುವಾಗಬಹುದಾದ್ದರಿಂದ, ವಿದೇಶದ ಸಮನ್ಸನ್ನು ಕಡೆಗಣಿಸುವುದು ಅಪಾಯಕಾರಿ.

ಕಾಲಮಿತಿಯೂ ಅಷ್ಟೇ ಮುಖ್ಯವೆಂಬುದಕ್ಕೆ ಬೆಂಗಳೂರಿನ ಪ್ರಕರಣವೊಂದು ನಿದರ್ಶನವಾಗಿದೆ. ಲಂಡನ್ನಿನ ನ್ಯಾಯಾಲಯ 1995ರಲ್ಲಿ ನೀಡಿದ ಡಿಕ್ರಿಯ ಅಮಲ್ಜಾರಿಗಾಗಿ ಬ್ಯಾಂಕ್ ಆಫ್ ಬರೋಡಾ 2009ರಲ್ಲಿ ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿತ್ತು; ತೀರ್ಪಿತ್ತ ದೇಶದ ಕಾಲಮಿತಿಯೇ ಇಲ್ಲಿಯೂ ಅನ್ವಯಿಸುತ್ತದೆ, ಇಂಗ್ಲೆಂಡಿನಲ್ಲಿ ಅದು 6 ವರ್ಷ ಎಂದು ಹೇಳಿದ ಸುಪ್ರೀಂ ಕೋರ್ಟ್, 2020ರ ಮಾರ್ಚ್‌ನಲ್ಲಿ ಆ ಅರ್ಜಿ ಅವಧಿ ಮೀರಿದ್ದೆಂದು ತೀರ್ಮಾನಿಸಿತು.

ಈ ಕಾನೂನು ಸಾಲಗಾರನನ್ನು ಬಾಧಿಸುವಂತೆಯೇ, ಬರಬೇಕಾದ ಹಣಕ್ಕಾಗಿ ಅಲ್ಲಿ ತೀರ್ಪು ಪಡೆದು ಊರಿಗೆ ಮರಳಿದವನಿಗೂ, ಬಾಕಿದಾರನ ಆಸ್ತಿ ಭಾರತದಲ್ಲಿದ್ದರೆ, ನೆರವಾಗುತ್ತದೆ. ಆದ್ದರಿಂದ ಗಲ್ಫಿಗೆ ಹೊರಡುವವರಿಗೆ ವೀಸಾ, ಸಂಬಳಗಳ ಮಾಹಿತಿಯೊಂದಿಗೆ ಈ ತಿಳಿವಳಿಕೆಯನ್ನೂ ನೀಡುವುದು, ವಿದೇಶದ ನೋಟಿಸು ಕೈಸೇರಿದ ಕೂಡಲೇ ವಕೀಲರನ್ನು ಕಾಣುವಂತೆ ಮನೆಯವರನ್ನು ಎಚ್ಚರಿಸುವುದು ಅತ್ಯಗತ್ಯವಾಗಿದೆ.